ಕೆರೆ ಏರಿಯ ಮೇಲೆ ಉಸಿರುಗಟ್ಟಿದ ಅಂಬಾಸಿಡರ್

ಇದು ನಿಜವಾಗಿ ನಡೆದದ್ದು. ನಡೆಯದೆ ನಿಂತದ್ದು ಕಾರು ಮಾತ್ರ.

ಎಂಬತ್ತೆಂಟರ ಡಿಸೆಂಬರ್. ಸಾದಲಿಯ ಕೆರೆ ಏರಿ. ಮಂಜಿನೊಳಗೆ ಯಜಮಾನ ವೆಂಕಟರವಣಪ್ಪನ ಹಳೇ ಅಂಬಾಸಿಡರ್ ಮತ್ತೆ ಸತ್ತು ನಿಂತಿತ್ತು. ಡಿಕ್ಕಿಯಲ್ಲಿ ರೇಷ್ಮೆಗೂಡು. ಶಿಡ್ಲಘಟ್ಟದ ಹರಾಜು ಇವತ್ತೂ ತಪ್ಪಿತು.

"ಇವನೇ ಬೇಕಂತ ಕೆಡಿಸ್ತಾನೆ," ಎಂದು ಯಜಮಾನ ಡ್ರೈವರ್ ಕೋನಪ್ಪನತ್ತ ಬೆರಳು ತೋರಿಸಿದ. "ಮನೆಗೆ ತಳ್ಕೊಂಡು ಹೋದ್ರೆ ಮಧ್ಯಾಹ್ನ ಕುದುರೆ ಹಂಗೆ ಓಡುತ್ತೆ. ನಾಳೆನೂ ನಿಂತ್ರೆ ಕೆಲಸದಿಂದ ತೆಗೀತೀನಿ."

"ತೆಗೀತೀನಿ, ತೆಗೀತೀನಿ!" ಯಜಮಾನನದೇ ಮೂಗುದನಿ. ಅಣಕಿಸಿದವನು ರಜೆಗೆ ಊರಿಗೆ ಬಂದಿದ್ದ ಎಸ್ಸೈ ನರಸಿಂಹಪ್ಪ, ಯಜಮಾನನ ಬಾಲ್ಯದ ಗೆಳೆಯ. ಅಳುವಂತಿದ್ದ ಕೋನಪ್ಪನೂ ನಕ್ಕುಬಿಟ್ಟ.

"ಪೆಟ್ರೋಲಲ್ಲಿ ನೀರಿದ್ಯೇನೋ?" ಎಸ್ಸೈ ಅವನನ್ನೇ ಕೇಳಿದ.

"ಸೋಸಿ ನೋಡ್ದೆ ಸಾರ್. ಇಲ್ಲ."

"ಕಾರ್ಬೊರೇಟರ್?"

"ಚಿಂತಾಮಣೀಲಿ ಬಿಚ್ಚಿ ತೊಳೆಸ್ದೆ. ಕನ್ನಡಿ ಹಂಗಿದೆ."

"ಈ ಚಳೀಲಿ ಚೋಕ್ ಎಷ್ಟೊತ್ತು ಎಳೀತೀಯ?"

"ಎಳೆಯೋದೇ ಇಲ್ಲ ಸಾರ್. ಈಚೆಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟು. ಏರಿ ಹತ್ರ ಬಂದ್ರೆ ಕಪ್ಪು ಹೊಗೆ, ಆಮೇಲೆ ಫುಸ್!"

ನರಸಿಂಹಪ್ಪನ ಹುಬ್ಬು ಮೇಲೇರಿತು. ಬಾನೆಟ್ ಎತ್ತಿದ. ಏರ್ ಫಿಲ್ಟರಿನ ಮೂತಿಯೊಳಗೆ ಬೆರಳು ತೂರಿಸಿದ. ಏನೋ ತಗುಲಿತು. ಅದನ್ನು ಅಲ್ಲೇ ಬಿಟ್ಟ.

"ಕಳ್ಳ ನಾಳೆ ಬೆಳಿಗ್ಗೆ ತಾನಾಗೇ ಬರ್ತಾನೆ," ಎಂದ.

* * *

ಮರುದಿನ ನಸುಕು, ಯಜಮಾನನ ಮನೆಯಂಗಳ. ಯಜಮಾನ, ಕೋನಪ್ಪ ಇಬ್ಬರೂ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಹಿಂದೆ. ಎಸ್ಸೈ ಕಾರಿನ ಹಿಂದೆ ಕುಕ್ಕರಗಾಲಲ್ಲಿ.

"ಗೊರ್ರ್... ಖೊಳ್... ಖೊಳ್..." ಥೇಟ್ ಅಂಬಾಸಿಡರ್!

ಬಾಗಿಲು ಕಿರ್ರೆಂದಿತು. ಯಜಮಾನನ ತಾಯಿ ಓಬಳಮ್ಮ ಕಾಗದದ ಸುರುಳಿ ಹಿಡಿದು ಓಡಿಬಂದರು.

"ಬಂದೆ ಇರಪ್ಪಾ! ಒಂದು ಪದರ ಸಾಲ್ಲಿಲ್ವಾ ನಿಂಗೆ?"

ಸೊಪ್ಪಿನ ಹೊರೆ ಹೊತ್ತು ಪಳಗಿದ ಕೈ. ಬಾನೆಟ್ ಸಲೀಸಾಗಿ ಮೇಲೆದ್ದಿತು.

"ಅಮ್ಮಾ!" ಯಜಮಾನ ಹೌಹಾರಿದ.

ನರಸಿಂಹಪ್ಪ ಎದ್ದುನಿಂತ. "ಚೋಕ್ ಎಳೆದ್ರೆ ಇಂಜಿನ್‌ಗೆ ಹೋಗೋ ಗಾಳಿ ಕಮ್ಮಿ ಆಗುತ್ತೆ. ಚಳೀಲಿ ಅದಿಲ್ದೆ ಸ್ಟಾರ್ಟ್ ಆಯ್ತು ಅಂದ್ರೆ ಇನ್ಯಾರೋ ಗಾಳಿ ತಡೆದಿದಾರೆ ಅಂತ. ಇಂಜಿನ್ ತಣ್ಣಗಿದ್ದಾಗ ಅದೇ ಚೋಕ್. ಬಿಸಿಯಾದ್ರೆ ಉಸಿರುಗಟ್ಟುತ್ತೆ. ನಿನ್ನೆ ಬೆರಳಿಗೆ ಸಿಕ್ಕಿದ್ದು ಮೇಣದ ಕಾಗದ, ರೇಷ್ಮೆ ಮರಿಹುಳುಗಳಿಗೆ ಹೊದಿಸೋದು. ಬಿಸಿಲೇರಿದ್ರೆ ಹುಳುಗಳ ಹೊದಿಕೆ ತೆಗೆಯೋ ಹಂಗೆ ಇದನ್ನೂ ತೆಗೀತಾರೆ. ಅದಕ್ಕೇ ಮಧ್ಯಾಹ್ನದ ಓಟ. ನಿಮ್ಮನೇಲಿ ಹುಳು ನೋಡ್ಕೊಳೋರು ಯಾರು?"

"ನಾನೇ," ಎಂದರು ಓಬಳಮ್ಮ. "ಬಾಯಿ ತೆಕ್ಕೊಂಡು ಮಲಗಿತ್ತು ಕಣಪ್ಪ. ಶೀತ ಆಗಲ್ವಾ?"

ಯಜಮಾನ ಕಾಗದ ಕಿತ್ತು, ಕೀಲಿಯನ್ನು ತಾನೇ ಕೋನಪ್ಪನ ಕೈಗಿಟ್ಟ. "ತಪ್ಪು ನಂದು ಕಣಪ್ಪ. ಹೊರಡು, ಹರಾಜಿಗೆ ಹೊತ್ತಾಯ್ತು."

ಕೋನಪ್ಪ ಚೋಕ್ ಎಳೆದ. ಬಿಸಿಯೇರಿದಂತೆ ನಿಧಾನವಾಗಿ ಒಳಗೆ ತಳ್ಳಿದ. ಕಾರು ಕೆಮ್ಮಲಿಲ್ಲ.

ಓಬಳಮ್ಮನಿಗೆ ಅನುಮಾನ. "ಹಂಗಾದ್ರೆ ಆಗ ಕೆಮ್ಮಿದ್ದು ಯಾರು?"

"ಖೊಳ್," ಎಂದ ಎಸ್ಸೈ.

ಸುರುಳಿಯಲ್ಲೇ ಅವನ ಬೆನ್ನಿಗೊಂದು ಬಿತ್ತು. ಅಂಬಾಸಿಡರಿನ ಸದ್ದೂ ಮುಳುಗುವಂತೆ ನಕ್ಕವರು ಓಬಳಮ್ಮನೇ.