ಜಡೆಯಮ್ಮ ಕೊಟ್ಟ ಹನಿ

ತಾಳಮಲೆಯ ರಕ್ತಪರೀಕ್ಷೆ ಶಿಬಿರಕ್ಕೆ, ಮೈಕ್ರೋಸ್ಕೋಪಿನಲ್ಲಿ ತೆಗೆದ ಫೋಟೊ ನೋಡಿ ಹೇಳುವ ಹೊಸ ಕಂಪ್ಯೂಟರ್ ತಂದಿದ್ದೆ. ಸಾವಿರಾರು ಫೋಟೊ ತೋರಿಸಿ, ಕಾಯಿಲೆಯಿಂದ ಕುಡುಗೋಲಿನಂತೆ ಬಾಗಿದ ರಕ್ತಕಣಗಳನ್ನು ಗುರುತಿಸಲು ಅದಕ್ಕೆ ಕಲಿಸಿದ್ದೆವು. ಮೊದಲು ನನ್ನ ಬೆರಳನ್ನೇ ಚುಚ್ಚಿ, ಗಾಜಿನ ಸ್ಲೈಡಿಗೆ ರಕ್ತ ಸವರಿ ನೋಡಿದೆ. ಸರಿಯಾಗಿ ಹೇಳಿತು. ಆಮೇಲೆ ಜಡೆಯಮ್ಮ ಎಂಬ ಮುದುಕಿಯ ಸರದಿ.

"ನೋಡಾದ್ಮೇಲೆ ನನ್ ರಕ್ತ ನಂಗೇ ಕೊಟ್ಬುಡಪ್ಪ," ಎಂದಳು.

"ಆಯ್ತು, ತಕೊಂಡೋಗವ್ವ," ಎಂದು ನಕ್ಕೆ.

ಅವಳ ರಕ್ತ ಸ್ಲೈಡಿನ ಮೇಲೆ ಒಣಗಿತ್ತು. ಆದರೂ ಪ್ರತಿ ಫೋಟೊದಲ್ಲೂ ಕಣಗಳು ಕಡಿಮೆಯಾಗುತ್ತಾ ಹೋದವು. ಕೊನೆಗೆ ಕಂಪ್ಯೂಟರ್ ಏನೂ ಇಲ್ಲವೆಂದಿತು. ಮೈಕ್ರೋಸ್ಕೋಪಿನಿಂದ ಸ್ಲೈಡು ಹೊರತೆಗೆದೆ. ಕಲೆಯೂ ಇರಲಿಲ್ಲ, ಗಾಜು ಮೈಯಂತೆ ಬೆಚ್ಚಗಿತ್ತು.

ಹೊರಗೆ ಓಡಿದೆ. ಜಡೆಯಮ್ಮ ಬೆರಳು ಚೀಪುತ್ತಾ ಕೂತಿದ್ದಳು.

"ಬಂತು ಕಣಪ್ಪ," ಎಂದಳು. "ಒಸಿ ಜಾಸ್ತಿನೇ ಬಂತು."

ಒಳಗೆ ಬಂದು ನನ್ನ ಸ್ಲೈಡು ಎತ್ತಿ ನೋಡಿದೆ. ಅದೂ ಖಾಲಿ.

ನನ್ನ ಆ ಬೆರಳನ್ನು ಚುಚ್ಚಿದರೆ ಇವತ್ತಿಗೂ ರಕ್ತ ಬರುವುದಿಲ್ಲ.