ಜಯಲಕ್ಷ್ಮಮ್ಮನ ದನಿ

ರೆಕಾರ್ಡರ್‌ನ ಪುಟ್ಟ ಪರದೆಯ ಮೇಲೆ ಎರಡೇ ಶಬ್ದ. 'ನೋ ಫೈಲ್.'

ಶರಣ್ಯಾ ಮತ್ತೆ ಗುಂಡಿ ಒತ್ತಿದಳು. ಅದೇ. ಮೆಮೊರಿ ಕಾರ್ಡ್ ತೆಗೆದು, ಒರೆಸಿ ಹಾಕಿದಳು. ಬ್ಯಾಟರಿ ಬದಲಿಸಿದಳು. ಆಗಲೂ ಅದೇ.

ಅವಳು ವರದಿಗಾರ್ತಿಯಾಗಿದ್ದ ಕಡೂರಿನ ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಎದುರಿಗೆ ಯಗಟಿಯ ಕೆಂಚಮ್ಮ. ಮಡಿಲಲ್ಲಿ ಎಳೆಗೂಸು. ಮಗಳು ಭವ್ಯ ತರೀಕೆರೆಯ ಡಾಕ್ಟರ್ ಸುದರ್ಶನನ ನರ್ಸಿಂಗ್ ಹೋಮಿನಲ್ಲಿ ಇದನ್ನು ಹೆತ್ತು, ನಂಜೇರಿ ಸತ್ತಿದ್ದಳು.

ಅಲ್ಲಿ ನರ್ಸ್ ಆಗಿದ್ದ ಜಯಲಕ್ಷ್ಮಮ್ಮ ಗುರುವಾರ ಶರಣ್ಯಾಳ ರೆಕಾರ್ಡರ್ ಮುಂದೆ ಎಲ್ಲವನ್ನೂ ಹೇಳಿದ್ದರು. ಅವಧಿ ಮುಗಿದ ಇಂಜೆಕ್ಷನ್ ಸೀಸೆಗಳಿಗೆ ಹೊಸ ಚೀಟಿ ಅಂಟಿಸಿ ಬಾಣಂತಿಯರಿಗೆ ಚುಚ್ಚುತ್ತಿದ್ದ ಕಥೆ. ಕಿಡ್ನಿ ಕೈಕೊಟ್ಟು ಹಾಸಿಗೆ ಹಿಡಿದಿದ್ದ ಹೆಂಗಸು. ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ಶರಣ್ಯಾ ಮಣ್ಣಿಗೆ ಹೋಗಿಬಂದಳು. ಶನಿವಾರ ನೋಡಿದರೆ ದನಿ ಮಾಯ.

"ಕಾರ್ಡ್ ಕೆಟ್ಟಿರ್ಬೇಕಮ್ಮಾ," ಎಂದರು ಸಂಪಾದಕ ದತ್ತಾತ್ರಿ. ನೆರೆತ ಗಡ್ಡ, ಮೆದು ಮಾತು. "ಈ ಅಗ್ಗದ ಕಾರ್ಡುಗಳ ಹಣೆಬರಹಾನೇ ಇಷ್ಟು. ರೆಕಾರ್ಡೇ ಆಗಿರಲ್ಲ, ಆಯ್ತು ಅಂದ್ಕೊಂಡಿರ್ತೀವಿ."

"ಆಗಿತ್ತು ಸರ್. ಬಸ್ಸಲ್ಲಿ ಬರ್ತಾ ಇಯರ್‌ಫೋನ್ ಹಾಕ್ಕೊಂಡು ಪೂರ್ತಿ ಕೇಳಿದೀನಿ. ಬಂದು ಈ ಡ್ರಾಯರಲ್ಲೇ ಇಟ್ಟೆ."

"ಅಯ್ಯೋ ಪಾಪ. ಅನ್ನ ಬೇಯೋ ಕುಕ್ಕರಿನ ಹಬೆಗೆ ಹಿಡಿದು ಚೀಟಿ ಬಿಡಿಸೋರು ಅಂದ್ರೆ! ಅಂಥ ಸಾಕ್ಷಿ ಹೋಯ್ತಲ್ಲ." ಅವರು ಕೆಂಚಮ್ಮನ ಭುಜ ಸವರಿದರು. "ಧೈರ್ಯ ತಗೋ ತಾಯಿ. ನಾವಿದೀವಿ."

ಕೆಂಚಮ್ಮ ಕೂಸನ್ನು ಕೆಳಗೆ ಮಲಗಿಸಿ ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

* * *

ಅಜ್ಜಂಪುರದ ಬಸ್ಸು ಹತ್ತುವಾಗ ಶರಣ್ಯಾಳಿಗೆ ಅನುಮಾನವಿದ್ದದ್ದು ಕಾರ್ಡಿನ ಮೇಲೆ. ಅದನ್ನು ಮಾರಿದ್ದು ಅಲ್ಲಿ ಮದುವೆ ವಿಡಿಯೊ ತೆಗೆಯುವ ಸಿದ್ದೇಶ್. ಅಂಗಡಿಗೆ ನುಗ್ಗಿದವಳೇ ರೇಗಿದಳು.

"ನಕಲಿ ಕಾರ್ಡ್ ಕೊಟ್ಟಿದೀರಾ?"

"ತಡೀರಿ ಮೇಡಂ. ಪೂರ್ತಿ ತುಂಬ್ಸಿ ನೋಡಿದ್ರೆ ಅಸಲಿಯೋ ನಕಲಿಯೋ ಗೊತ್ತಾಗ್ತದೆ."

"ಬೇಡ!" ಅವಳು ಕೈ ಅಡ್ಡ ಹಿಡಿದಳು. "ಇದರ ಮೇಲೆ ಒಂದಕ್ಷರ ಬರೀಬೇಡಿ. ಒಳಗೇನಿದೆ ಅಂತ ಬರೀ ತೆಗೆದು ತೋರ್ಸಿ."

ಕಂಪ್ಯೂಟರಿನಲ್ಲಿ ಕಾರ್ಡ್ ತೆರೆಯಿತು. ಎರಡು ಖಾಲಿ ಫೋಲ್ಡರು. ಒಂದರ ಹೆಸರು 'ಆಂಡ್ರಾಯ್ಡ್'. ಶರಣ್ಯಾ ಕುರ್ಚಿ ಎಳೆದುಕೊಂಡು ಕುಳಿತಳು.

ಅವಳ ರೆಕಾರ್ಡರ್ ದನಿ ಮುದ್ರಿಸುವಾಗ ಯಾವ ಕಾರ್ಡಿನಲ್ಲೂ 'ವಾಯ್ಸ್' ಎಂಬ ಫೋಲ್ಡರ್ ಮಾಡಿಕೊಳ್ಳುತ್ತದೆ. ಅದಿಲ್ಲ. 'ಆಂಡ್ರಾಯ್ಡ್' ಫೋಲ್ಡರನ್ನು ರೆಕಾರ್ಡರ್ ಎಂದೂ ಮಾಡುವುದಿಲ್ಲ. ಅದು ಮೊಬೈಲ್ ಫೋನಿನ ಗುರುತು.

"ಕಾರ್ಡ್ ಕೆಟ್ಟಿಲ್ಲ ಸಿದ್ದೇಶ್. ಯಾರೋ ಇದನ್ನ ಫೋನಿಗೆ ಹಾಕಿ ಫಾರ್ಮ್ಯಾಟ್ ಮಾಡಿದಾರೆ."

"ಅಳಿಸಿದ ಮೇಲೆ ಏನಾರ ರೆಕಾರ್ಡ್ ಮಾಡಿದ್ರಾ?"

"ಇಲ್ಲ."

"ಹಂಗಾದ್ರೆ ಪುಣ್ಯ. ಫಾರ್ಮ್ಯಾಟ್ ಮಾಡಿದ್ರೆ ಮನೆ ಮುಂದಿನ ಬೋರ್ಡ್ ಕಿತ್ತಂಗೆ. ಒಳಗಿರೋರು ಎಷ್ಟೋ ಸಲ ಅಲ್ಲೇ ಇರ್ತಾರೆ. ಹುಡುಕ್ಸಾಣ."

ಸಾಫ್ಟ್‌ವೇರ್ ಓಡತೊಡಗಿತು. ಶರಣ್ಯಾ ಹೊರಗೆ ಬಂದು ನಿಂತಳು. ಕಚೇರಿಯಲ್ಲಿ ದತ್ತಾತ್ರಿಯವರ ಹೊಸ ಫೋನಿಗೆ ಕಾರ್ಡ್ ಹಾಕುವ ಜಾಗವೇ ಇಲ್ಲ. ಅವಳದ್ದಕ್ಕೂ ಇಲ್ಲ. ಇರುವುದು ಪುಟ ಕಟ್ಟುವ ಮುದ್ದಪ್ಪನ ಹಳೇ ಫೋನಿಗೆ ಮಾತ್ರ.

ಮುದ್ದಪ್ಪಣ್ಣ! ಅವಳ ಬಾಯಿ ಕಹಿಯಾಯಿತು.

* * *

"ನಾನಾ?" ಮುದ್ದಪ್ಪನ ಮುಖ ಕೆಂಪಾಯಿತು. "ಏನ್ ಮೇಡಂ ನೀವು! ನಮ್ಮನೇಲೂ ಹೆಣ್ಮಕ್ಳಿಲ್ವಾ?"

ಕಚೇರಿ ಹಿಂದಿನ ಟೀ ಅಂಗಡಿಯಲ್ಲಿ ಇಬ್ಬರೇ ಕುಳಿತಿದ್ದರು.

"ಶುಕ್ರವಾರ ನಿಮ್ಮ ಫೋನ್ ಯಾರಾದ್ರೂ ತಗೊಂಡಿದ್ರಾ?"

"ಸಾಹೇಬ್ರು ತಗೊಂಡ್ರು. ಅವ್ರ ಫೋನಲ್ಲಿ ಚಾರ್ಜಿಲ್ಲ, ಒಂದು ಕಾಲ್ ಮಾಡ್ಬೇಕು ಅಂದ್ರು. ಒಳಗೋಗಿ ಬಾಗ್ಲು ಹಾಕ್ಕೊಂಡೋರು ಭಾಳ ಹೊತ್ತು ಬರ್ಲೇ ಇಲ್ಲ." ಅವನು ತಡೆದು ಫೋನ್ ತೆರೆದು ನೋಡಿದ. "ಯಾವ ಕಾಲೂ ಹೋಗಿಲ್ವಲ್ಲ ಮೇಡಂ. ನನ್ನ ಕಾರ್ಡನ್ನೂ ತಿರುಗಾಮುರುಗಾ ಹಾಕಿದ್ರು. ಬಿದ್ದೋಗಿತ್ತೇನೋ ಅಂದ್ಕೊಂಡೆ."

ಶರಣ್ಯಾಳಿಗೆ ದತ್ತಾತ್ರಿಯವರ ಬೆಳಗಿನ ಮಾತು ನೆನಪಾಯಿತು. ಅನ್ನ ಬೇಯೋ ಕುಕ್ಕರು. ಗುರುವಾರ ಅವರಿಗೆ ಅವಳು ಹೇಳಿದ್ದು 'ಔಷಧಿ ವಿಚಾರ ಒಪ್ಕೊಂಡ್ರು ಸರ್' ಎಂದಷ್ಟೇ. ಕುಕ್ಕರಿನ ಮಾತು ಇದ್ದದ್ದು ಆ ಕಾರ್ಡಿನಲ್ಲಿ ಮಾತ್ರ.

"ಮುಂದಿನ ವಾರಕ್ಕೆ ಏನಾದ್ರೂ ಹೊಸ ಜಾಹೀರಾತು ಬಂದಿದೆಯಾ?"

ಮುದ್ದಪ್ಪ ಫೋನನ್ನು ಜೇಬಿಗಿಟ್ಟ. "ಸುದರ್ಶನ ಡಾಕ್ಟ್ರುದು. ಪೂರ್ತಿ ಪುಟ. ವರ್ಷವಿಡೀ ಬರ್ತದಂತೆ."

ಶರಣ್ಯಾ ಟೀ ಲೋಟ ಕೆಳಗಿಟ್ಟಳು. ಎದ್ದು ಹೋಗಿ ಮೋರಿಗೆ ಉಗಿದಳು.

* * *

ಸೋಮವಾರ ದತ್ತಾತ್ರಿಯವರ ಮೇಜಿನ ಮೇಲೆ ಶರಣ್ಯಾ ಸ್ಪೀಕರ್ ಇಟ್ಟಳು. ಕೆಂಚಮ್ಮ, ಮುದ್ದಪ್ಪ ಬಾಗಿಲಲ್ಲಿ ನಿಂತಿದ್ದರು. ಕ್ಷೀಣ ದನಿಯೊಂದು ಹೊರಟಿತು. "ಅನ್ನದ ಕುಕ್ಕರಿನ ಹಬೇಲಿ ಚೀಟಿ ಬಿಡಿಸ್ತಿದ್ವಿ ಕಣಮ್ಮಾ. ಆ ಪಾಪ ನನ್ನ ಕೈಯಾರೆ..."

ದತ್ತಾತ್ರಿಯವರ ಮುಖದ ಬಣ್ಣ ಇಳಿಯಿತು.

"ಎಲ್ಲಾ ಸಿಕ್ತು ಸರ್," ಎಂದಳು ಶರಣ್ಯಾ. "ಕಾರ್ಡ್ ಕೆಟ್ಟಿದ್ರೆ ಅದರಲ್ಲಿ ಫೋನಿನ ಫೋಲ್ಡರ್ ಇರ್ತಿರ್ಲಿಲ್ಲ. ಕಾರ್ಡ್ ಹಿಡಿಸೋ ಫೋನ್ ಇಲ್ಲಿರೋದು ಮುದ್ದಪ್ಪಣ್ಣಂದು ಒಂದೇ. ಶುಕ್ರವಾರ ಅದು ನಿಮ್ಮ ಹತ್ರ ಇತ್ತು. ಕಾಲ್ ಮಾಡ್ತೀನಿ ಅಂದ್ರಿ, ಒಂದೂ ಮಾಡ್ಲಿಲ್ಲ. ದನಿ ಕೇಳಿ, ನಕಲು ನಿಮ್ಮ ಫೋನಿಗೆ ದಾಟಿಸ್ಕೊಂಡು, ಕಾರ್ಡ್ ಅಳಿಸಿದ್ರಿ. ಆಮೇಲೆ ಕುಕ್ಕರಿನ ಮಾತು ನೀವೇ ಬಾಯಿ ಬಿಟ್ರಿ. ನಾನದನ್ನ ಹೇಳೇ ಇರ್ಲಿಲ್ಲ."

"ನಕಲಾ? ಯಾವ ನಕಲು?"

"ಬರೀ ಅಳಿಸೋದಾಗಿದ್ರೆ ಪೂರ್ತಿ ಕೇಳೋ ಅಗತ್ಯ ಇರ್ಲಿಲ್ಲ. ಡಾಕ್ಟ್ರಿಗೆ ಕೇಳ್ಸಿ ಹೆದರಿಸೋಕೆ ದನಿ ಬೇಕಿತ್ತು. ವರ್ಷಪೂರ್ತಿ ಪುಟ ಯಾರು ಸುಮ್ನೆ ಕೊಡ್ತಾರೆ?"

ದತ್ತಾತ್ರಿ ಗಡ್ಡ ನೀವಿಕೊಂಡರು. ನಾಚಿಕೆಯ ಸುಳಿವಿರಲಿಲ್ಲ. "ಪತ್ರಿಕೆ ನಡೀಬೇಕಲ್ಲಮ್ಮಾ. ಸತ್ತೋರು ಸತ್ರು. ಕೂಸಿಗೂ ಏನಾದ್ರೂ ಕೊಡಿಸ್ತಿದ್ದೆ. ಕೂತ್ಕೋ, ಕಾಫಿ ತರಿಸ್ತೀನಿ."

ಇಷ್ಟು ವರ್ಷ ಈ ಮನುಷ್ಯನಿಂದ ಬರೆಯುವುದನ್ನು ಕಲಿತೆನಲ್ಲ ಎಂದು ಶರಣ್ಯಾಳಿಗೆ ಮೈಯೆಲ್ಲ ಅಸಹ್ಯವಾಯಿತು. ಮಾತಾಡಿದ್ದು ಕೆಂಚಮ್ಮ.

"ಥೂ! ನಮ್ಮ ಕುರಿಹಟ್ಟಿ ನಾಯಿ ಕೂಡ ಸತ್ತೋರ ಬಾಯಿಗೆ ಬಾಯಿ ಹಾಕಲ್ಲ ಕಣಯ್ಯಾ. ನಿನ್ನ ಕಾಲು ಮುಟ್ಟಿದ್ನಲ್ಲಪ್ಪಾ ನಾನು!"

* * *

ಶರಣ್ಯಾ ಕೊಟ್ಟ ದೂರಿನ ಮೇಲೆ ಅಂದೇ ಪೊಲೀಸರು ದತ್ತಾತ್ರಿಯವರ ಫೋನ್ ವಶಪಡಿಸಿಕೊಂಡರು. ನಕಲು ಅದರಲ್ಲೇ ಇತ್ತು. ಡಾಕ್ಟರಿಗೆ ಕಳಿಸಿದ ತುಣುಕೂ ಇತ್ತು. ಸಂಜೆಯೊಳಗೆ ತರೀಕೆರೆಯ ನರ್ಸಿಂಗ್ ಹೋಮಿಗೆ ಬೀಗ ಬಿತ್ತು. ಸುದರ್ಶನನನ್ನು ಜೀಪು ಹತ್ತಿಸಿದರು. ದತ್ತಾತ್ರಿ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಒಳಗೆ ಇನ್ಸ್‌ಪೆಕ್ಟರ್ ಧನಪಾಲ್ ಧ್ವನಿಮುದ್ರಣವನ್ನು ಮೊದಲಿನಿಂದ ಕೇಳುತ್ತಿದ್ದರು. ಕೊನೆಗೆ ಜಯಲಕ್ಷ್ಮಮ್ಮ ಏದುಸಿರಿನಲ್ಲಿ, "ಭವ್ಯ ಅಂತ ಆ ಹುಡುಗಿ. ಅವಳಿಗೂ ಅದೇ ಸೀಸೆ," ಎಂದರು.

ಗೋಡೆಗೊರಗಿ ನಿಂತಿದ್ದ ಕೆಂಚಮ್ಮ ಮುಂದೆ ಬಂದಳು.

"ಸಾಮಿ, ನನ್ನ ಮಗಳ ಹೆಸರು ಬಂತಲ್ಲ. ಅದನ್ನ ಇನ್ನೊಂದ್ಸಲ ಹಾಕಿ."

ಧನಪಾಲ್ ಹಾಕಿದರು. ಕೆಂಚಮ್ಮ ತೋಳಿನಲ್ಲಿದ್ದ ಕೂಸಿನ ಕಿವಿ ಸ್ಪೀಕರಿನ ಹತ್ತಿರಕ್ಕೆ ಬರುವಂತೆ ಬಗ್ಗಿ ನಿಂತಳು.