ಫೆಜ್ ಓಣಿಯಲ್ಲಿ ಎರಡು ಸಿಳ್ಳೆ

ಇದು ನಡೆದದ್ದೇ. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ.

ಮೊರಾಕೊ ದೇಶದ ಫೆಜ್ ಊರಿನ ಹಳೇ ಕೋಟೆಯೊಳಗೆ ಮಟಮಟ ಮಧ್ಯಾಹ್ನ ಬನಹಟ್ಟಿಯ ನೇಕಾರರಾದ ನಾವು ಮೂವರು, ಅಪ್ಪ, ಅವ್ವ, ನಾನು, ದಾರಿ ತಪ್ಪಿದ್ದೆವು. ಕೋಟೆಯ ಬಾಗಿಲಾಚೆ ನಿಂತಿದ್ದ ನಮ್ಮ ಪ್ರವಾಸದ ಬಸ್ಸು ಬಿಡಲು ಹತ್ತೇ ನಿಮಿಷವಿತ್ತು. ಮಗ್ಗದ ಗದ್ದಲದಲ್ಲಿ ಮಾತು ಕೇಳಿಸದೆಂದು, ತೀರಿಕೊಂಡ ನಮ್ಮ ಅಜ್ಜ ಅಪ್ಪನನ್ನು ಎರಡು ಸಿಳ್ಳೆ ಹಾಕಿ ಕರೆಯುತ್ತಿದ್ದ. ಅಪ್ಪನ ಬೆನ್ನ ಹಿಂದೆ ನಿಂತು ತಮಾಷೆಗೆಂದು ನಾನೂ ಹಾಗೆಯೇ ಹಾಕಿದೆ.

“ಬಂದ್ನಿ ಯಪ್ಪಾ” ಅಂದುಬಿಟ್ಟ ಅಪ್ಪ. ಅವ್ವ ನಕ್ಕು ನಕ್ಕು ಗೋಡೆ ಹಿಡಿದಳು.

ಅಷ್ಟರಲ್ಲಿ ಎಡಗಡೆಯ ಓಣಿಯಿಂದ ಮತ್ತೆ ಎರಡು ಸಿಳ್ಳೆ ಕೇಳಿಸಿತು. ನೂಲಿಗೆ ಹಚ್ಚುವ ಗಂಜಿಯ ವಾಸನೆಯೂ ಬಂತು. ಅಪ್ಪ ಅತ್ತ ನಡೆದ. ಕೋಟೆಯ ಬಾಗಿಲು ಅಲ್ಲೇ ಇತ್ತು.

ಬಸ್ಸಿನಲ್ಲಿ ಅಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. “ಮಂಗ್ಯಾ, ಎರಡನೇ ಸಲ ಸಿಳ್ಳೆ ಹಾಕಾಕ ಆ ಎಡಗಡೆ ಓಣಿಗೆ ಯಾವಾಗ ಓಡಿದ್ದೆಲೇ?”

ಅಪ್ಪ ‘ಬಂದ್ನಿ’ ಅಂದಾಗಿನಿಂದ ಬಸ್ಸು ಹತ್ತುವವರೆಗೂ ನಾನು ಅವ್ವನ ಕೈ ಬಿಟ್ಟಿರಲೇ ಇಲ್ಲ.